ನಾನು ಬೆಳಗಿಸಿ ಕೆಡಿಸಿದ ಕೋಣೆ

ಹೋದ ವಾರ ನೆಹರು ನಗರದ ಹೊಸ ಫ್ಲ್ಯಾಟೊಂದರ ಫೋಟೋ ತೆಗೆಯಲು ಹೋಗಿದ್ದೆ. ಹಾಲ್‌ನಲ್ಲಿ ಟ್ರೈಪಾಡ್ ನಿಲ್ಲಿಸಿ, ಪರದೆ ಸರಿಸಿ, ಬೆಳಕು ಎಲ್ಲಿಂದ ಬಂದು ಎಲ್ಲಿ ಬೀಳುತ್ತದೆ ಎಂದು ನೋಡುತ್ತಿದ್ದಾಗ ಪಕ್ಕದ ಫ್ಲ್ಯಾಟಿನಲ್ಲಿ ಗೋಡೆಗೆ ಗಿಲಾವು ಮಾಡಲು ಶುರು ಮಾಡಿದರು. ಹಸಿ ಸಿಮೆಂಟಿನ ವಾಸನೆ ಬಂತು. ಆ ವಾಸನೆ ಬಂದರೆ ನಾನು ಇವತ್ತಿಗೂ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತೇನೆ. ಒಂದೈದು ನಿಮಿಷ. ಫ್ಲ್ಯಾಟಿನ ಯಜಮಾನರು, "ಯಾಕ್ರೀ ಮ್ಯಾಡಂ, ಆರಾಮ ಇಲ್ಲೇನು?" ಎಂದು ಕೇಳಿದರು. "ಆರಾಮ ಅದೀನ್ರೀ, ಖಾನಾಪುರ ನೆನಪಾತು" ಎಂದೆ. ಅವರಿಗೆ ಏನು ಅರ್ಥವಾಯಿತೋ, ತಲೆ ಆಡಿಸಿ ಒಳಗೆ ಹೋದರು.

ನಾನು ಬೆಳಗಾವಿಯ ಟಿಳಕವಾಡಿಯವಳು. ಮನೆಗಳ ಒಳಭಾಗದ ಫೋಟೋ ತೆಗೆಯುವುದು ನನ್ನ ಕೆಲಸ. ಕಟ್ಟಿದವರಿಗೆ, ಮಾರುವವರಿಗೆ, ಕೋಣೆ ಸಿಂಗರಿಸಿ ಕೊಡುವವರಿಗೆ. ಈ ಕೆಲಸದಲ್ಲಿ ನನಗೊಂದು ಜಂಬ ಇದೆ, ಮುಚ್ಚಿಡುವುದಿಲ್ಲ. ನಾನು ಫ್ಲ್ಯಾಶ್ ಬಳಸುವುದಿಲ್ಲ, ಕೋಣೆಯ ದೀಪವನ್ನೂ ಹಚ್ಚಗೊಡುವುದಿಲ್ಲ. ಕಿಟಕಿಯಿಂದ ಬಂದಷ್ಟೇ ಬೆಳಕು ನನಗೆ ಸಾಕು. ಕ್ಯಾಮೆರಾವನ್ನು ಅಲುಗಾಡದಂತೆ ನಿಲ್ಲಿಸಿ ಶಟರನ್ನು ನಾಲ್ಕು ಸೆಕೆಂಡು, ಬೇಕಾದರೆ ಹತ್ತು ಸೆಕೆಂಡು ತೆರೆದಿಟ್ಟರೆ ನಮ್ಮ ಕಣ್ಣಿಗೆ ಮಬ್ಬಾಗಿ ಕಂಡ ಮೂಲೆಯೂ ಫೋಟೋದಲ್ಲಿ ಎದ್ದು ಕೂರುತ್ತದೆ. ಕಣ್ಣು ಆ ಕ್ಷಣಕ್ಕೆ ಸಿಕ್ಕಷ್ಟು ಬೆಳಕನ್ನೇ ನೋಡುತ್ತದೆ, ಕ್ಯಾಮೆರಾ ಮಾತ್ರ ಅದನ್ನು ಕೂಡಿಡುತ್ತದೆ. ಇದನ್ನು ನಾನು ಕಂಡಕಂಡವರಿಗೆಲ್ಲ ಪಾಠ ಹೇಳಿದ್ದೇನೆ. ಪಾಠ ಹೇಳುವವಳಿಗೇ ಅದು ತಿಳಿದಿರಲಿಲ್ಲ ಎಂದು ಗೊತ್ತಾಗಿದ್ದು ನಾಲ್ಕು ವರ್ಷದ ಹಿಂದಿನ ಮಳೆಗಾಲದಲ್ಲಿ, ಖಾನಾಪುರದಲ್ಲಿ.

ಆ ವರ್ಷ ನನಗೊಂದು ಹುಚ್ಚು ಹಿಡಿದಿತ್ತು. ಒಂದೇ ಕಿಟಕಿ ಇರುವ ಕೋಣೆಗಳ ಫೋಟೋ ತೆಗೆಯಬೇಕು, ಯಾರೂ ಕೇಳದಿದ್ದರೂ ನನ್ನ ಖುಷಿಗೆ. ಭಾನುವಾರ ಬಂದರೆ ಬಸ್ಸು ಹತ್ತಿ ಖಾನಾಪುರದ ಕಡೆ ಹೋಗಿಬಿಡುತ್ತಿದ್ದೆ. ಹಲಸಿ ಎಂಬ ಊರಿನ ಮನೆಯೊಂದರಲ್ಲಿ ಟ್ರೈಪಾಡಿನ ತಿರುಪಿಗೆ ಸೆರಗು ಸಿಕ್ಕಿ ಪರ್ರನೆ ಹರಿಯಿತು. ಅವ್ವನ ಸೀರೆ ಅದು, ಹಳದಿ ರೇಷ್ಮೆ. ಕೆಲಸಕ್ಕೆ ರೇಷ್ಮೆ ಸೀರೆ ಉಟ್ಟು ಹೋದ ನನ್ನ ಬುದ್ಧಿಗೆ ಏನು ಹೇಳುವುದು. ಮಧ್ಯಾಹ್ನ ಅದೇ ಊರಲ್ಲಿ ಗೆಳತಿಯ ಮಗಳ ಕುಬಸದ, ಅಂದರೆ ಸೀಮಂತದ, ಊಟವಿತ್ತು. ನನ್ನ ಮುಖ ನೋಡಿ, ನಾನು ಫೋಟೋ ತೆಗೆಯುತ್ತಿದ್ದ ಮನೆಯ ಹೆಂಗಸು, "ಅದಕ್ಯಾಕ ಅಳತೀರಿ? ಖಾನಾಪುರದಾಗ ಮೆಹರೂ ಚಾಚಿ ಅದಾರ. ರಫು ಮಾಡಿ ಕೊಡ್ತಾರ, ಹೋಗ್ರಿ" ಎಂದು ದಾರಿ ಹೇಳಿ ಕಳಿಸಿದಳು.

ಖಾನಾಪುರದ ಹಳೆಯ ಓಣಿಯೊಂದರಲ್ಲಿ ಅವರ ಮನೆ. ಹೆಸರು ಮೆಹರುನ್ನಿಸಾ, ಓಣಿಗೆಲ್ಲ ಮೆಹರೂ ಚಾಚಿ. ಅರವತ್ತೈದು ದಾಟಿದ ತೆಳ್ಳನೆಯ ಹೆಂಗಸು. ಗಂಡನಿಂದ ರಫು ಕಲಿತು, ಗಂಡ ತೀರಿಕೊಂಡ ಮೇಲೆ ಆ ಕೆಲಸವನ್ನು ಒಬ್ಬರೇ ನಡೆಸಿಕೊಂಡು ಬಂದಿದ್ದರು. ರಫು ಎಂದರೆ ತೇಪೆಯಲ್ಲ, ಹೊಲಿಗೆಯೂ ಅಲ್ಲ. ಹರಿದ ಜಾಗದಲ್ಲಿ ಬಟ್ಟೆಯನ್ನು ಎಳೆ ಎಳೆಯಾಗಿ ಮತ್ತೆ ನೇಯುವುದು. ಹೊಸ ಬಟ್ಟೆಯಾದರೆ ಅದರ ಅಂಚಿನಿಂದಲೇ ಎಳೆ ತೆಗೆದುಕೊಳ್ಳುತ್ತಾರೆ. ಹಳೆಯ ರೇಷ್ಮೆಯ ಎಳೆ ಕೈಗೆ ಬರುವಷ್ಟರಲ್ಲಿ ಪುಡಿಯಾಗುವುದರಿಂದ ರೀಲುಗಳಲ್ಲಿ ಅದೇ ಬಣ್ಣ ಹುಡುಕಬೇಕು. ಚಾಚಿಯ ಹತ್ತಿರ ಒಂದು ಟ್ರಂಕು ತುಂಬ ರೀಲುಗಳಿದ್ದವು, ಹಳದಿಯಲ್ಲೇ ಹದಿನೈದಿಪ್ಪತ್ತು ತರಹ. ಒಂದೊಂದೇ ದಾರವನ್ನು ನನ್ನ ಸೆರಗಿನ ಮೇಲೆ ಎಳೆದಿಟ್ಟು, ಕಣ್ಣು ಅರ್ಧ ಮುಚ್ಚಿ, ಕಿಟಕಿಗೆ ಹಿಡಿದು ನೋಡಿದರು. ಏಳನೆಯದೋ ಎಂಟನೆಯದೋ ದಾರ ಸೀರೆಯ ಮೇಲೆ ಬಿದ್ದಿದ್ದೇ ಕಾಣದಾಯಿತು. "ಸಿಕ್ತು" ಎಂದರು.

ಆ ಕೋಣೆಗೆ ಉತ್ತರದ ಕಡೆ ಒಂದೇ ಕಿಟಕಿ. ಮುಂಬಾಗಿಲ ಪಡಸಾಲೆಗೆ ಮಳೆ ಹೊಡೆಯದಂತೆ ಬಿದಿರಿನ ತಟ್ಟಿ ಕಟ್ಟಿದ್ದರಿಂದ ಆ ಕಡೆಯಿಂದ ಬೆಳಕಿಲ್ಲ. ನಾನು ಕೇಳಿದೆ:

"ಬಲ್ಬ್ ಹಚ್ಚೂದಿಲ್ಲೇನ್ರೀ ಚಾಚಿ?"

"ಬಲ್ಬ್ ಸುಳ್ಳ ಹೇಳ್ತದ ಬೇಟಿ. ಅದರ ಕೆಳಗ ಕಂದೂ ಅಷ್ಟ, ಕರೀದೂ ಅಷ್ಟ. ಹಚ್ಚಿ ಕೊಟ್ಟಾಗ ಚಲೋ ಕಾಣ್ತದ, ಹೊರಗ ಬಿಸಲಿಗೆ ಹೋದ ಕೂಡ್ಲೆ ಮಂದಿ ಬೈತಾರ."

ನನಗೆ ಆ ಹೆಂಗಸು ಅಲ್ಲಿಯೇ ಸೇರಿದರು. ದೀಪ ಹಚ್ಚದೆ ಕೆಲಸ ಮಾಡುವವಳು ನಾನೊಬ್ಬಳೇ ಅಲ್ಲವಲ್ಲ ಎಂಬ ಖುಷಿ. ಆಮೇಲೆ ಪ್ರತಿ ಭಾನುವಾರ ಎಲ್ಲಿ ಹೋಗುವುದಿದ್ದರೂ ಬರುವಾಗ ಚಾಚಿಯ ಮನೆಗೆ ಹೊಕ್ಕು ಚಾ ಕುಡಿದು, ಅವರ ಸೂಜಿ ಓಡುವುದನ್ನು ಸ್ವಲ್ಪ ಹೊತ್ತು ನೋಡಿ ಬಸ್ಸು ಹಿಡಿಯುವುದು ರೂಢಿಯಾಯಿತು.

ಜುಲೈನಲ್ಲಿ ಆ ಕಿಟಕಿಗೆ ಕುತ್ತು ಬಂತು. ಕಿಟಕಿ ತೆರೆಯುತ್ತಿದ್ದದ್ದು ಪಕ್ಕದ ಮನೆಯವರ ಜಾಗಕ್ಕೆ. ಪಕ್ಕದ ಮನೆ ಮಹಾದೇವನದು. ಅವನ ಅಪ್ಪ ಎಮ್ಮೆ ಸಾಕಿದ್ದವನು. ಎಮ್ಮೆ ಕಟ್ಟುತ್ತಿದ್ದ ಆ ಬಯಲಿನಿಂದಲೇ ಚಾಚಿಯ ಕೋಣೆಗೆ ಇಷ್ಟು ವರ್ಷ ಬೆಳಕು ಬರುತ್ತಿತ್ತು. ಮಹಾದೇವ ಬೆಳಗಾವಿಯಲ್ಲಿ ನೌಕರಿ ಮಾಡುತ್ತಾನೆ, ಎಮ್ಮೆಗಳು ಹೋಗಿ ಹತ್ತು ವರ್ಷವಾಗಿದೆ. ಅವನ ತಾಯಿಗೆ, ಓಣಿಯವರೆಲ್ಲ ಆಯಿ ಎನ್ನುವವಳಿಗೆ, ಮೊಣಕಾಲು ನೋವು, ಮೆಟ್ಟಿಲು ಹತ್ತಲಾಗದು. ಅವಳಿಗೆಂದು ಆ ಬಯಲಿನಲ್ಲಿ ಒಂದು ಕೋಣೆ, ಜೊತೆಗೆ ಬಚ್ಚಲು ಕಟ್ಟಲು ಹೊರಟಿದ್ದ. ಮೂರು ಕಡೆಯ ಗೋಡೆ ಏಳತೊಡಗಿತ್ತು. ನಾಲ್ಕನೆಯದು, ಚಾಚಿಯ ಕಿಟಕಿಯಿಂದ ಎರಡೇ ಅಡಿ ದೂರದ್ದು, ಇನ್ನೂ ಪಾಯಾ ತೋಡುವುದರಲ್ಲಿತ್ತು. ಮಳೆ ನೀರು ಪಾಯಾಕ್ಕೆ ಇಳಿಯಬಾರದೆಂದು ಅಲ್ಲಿ ಬಿದಿರು ನೆಟ್ಟು ತಗಡು ನಿಲ್ಲಿಸಿದ್ದ. ಗೋಡೆ ಎಷ್ಟು ಎತ್ತರ ಬರುವುದೋ ತಗಡೂ ಅಷ್ಟೇ ಎತ್ತರ. ಒಂದೇ ದಿನಕ್ಕೆ ಚಾಚಿಯ ಕೋಣೆಗೆ ಹಗಲಿಗೇ ಸಂಜೆಯಾಯಿತು.

ಮಹಾದೇವ ಕೆಟ್ಟ ಮನುಷ್ಯನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚಾಚಿ ಮಾತಾಡಲು ಹೋದಾಗ ಕುರ್ಚಿ ಕೊಟ್ಟು ಕೂರಿಸಿದ. "ಚಾಚಿ, ನನ್ನ ಜಾಗಾದಾಗ ನಾ ಕಟ್ಟಾಕತ್ತೀನಿ. ಆಯಿನ್ನ ಎಲ್ಲಿ ಇರಿಸ್ಲಿ ನೀವ ಹೇಳ್ರಿ" ಎಂದ. ಚಾಚಿ ಎದ್ದು ಮನೆಗೆ ಬಂದರು. ಓಣಿಯವರು ಯಾರೋ ಒಂದು ತಕರಾರು ಅರ್ಜಿ ಬರೆದು ಕೊಟ್ಟರು, ಚಾಚಿ ಅದನ್ನು ಕಟ್ಟಡದ ಪರವಾನಗಿ ಕೊಡುವ ಕಚೇರಿಗೆ ಒಯ್ದರು. ಅಲ್ಲಿಯ ಸಾಹೇಬರು, ಮಳೆ ನಿಲ್ಲುವ ತನಕ ಬಂದು ನೋಡಲು ಆಗುವುದಿಲ್ಲ, ತಗಡು ಇದ್ದ ಹಾಗೆಯೇ ಕೋಣೆಯ ಒಂದು ಫೋಟೋ ತಂದು ಕೊಡಿ, ನಿಜವಾಗಿ ಕತ್ತಲಾಗಿದ್ದರೆ ಕೆಲಸ ನಿಲ್ಲಿಸಿ ವಿಚಾರ ಮಾಡೋಣ ಎಂದರು. ಚಾಚಿ ನನಗೆ ಫೋನು ಮಾಡಿದರು.

"ಬೇಟಿ, ಕಿಟಕಿ ಹೋತಂದ್ರ ನನ್ನ ಕೈ ಹೋದಂಗ. ನಿಂದ ಕೆಲಸ ಬಂದೈತಿ, ಬಾ."

ಆ ದಿನದ ನನ್ನ ಹುರುಪು ನೆನೆಸಿದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಸುರಿಯುವ ಮಳೆಯಲ್ಲಿ ಹೋದೆ. ಕೋಣೆಗೆ ಕಾಲಿಟ್ಟಾಗ ಚಾಚಿ ಎಲ್ಲಿ ಕುಳಿತಿದ್ದಾರೆಂದೂ ಕಾಣಲಿಲ್ಲ, ಟ್ರಂಕಿಗೆ ಎಡವಿದೆ. ಅಷ್ಟು ಕತ್ತಲು. ಆದರೂ ಟ್ರೈಪಾಡ್ ಬಿಚ್ಚಿದ ಕೂಡಲೇ ಕೈ ತನ್ನ ಅಭ್ಯಾಸದ ಕೆಲಸ ಶುರು ಮಾಡಿತು. ಕತ್ತಲೆ ಕೋಣೆ ಕಂಡರೆ ಅದರಿಂದ ಬೆಳಕು ಹಿಂಡಿ ತೆಗೆಯುವುದೇ ನನಗೆ ಗೊತ್ತಿದ್ದ ವಿದ್ಯೆ. ಎಂಟು ಸೆಕೆಂಡು ಶಟರ್ ತೆರೆದಿಟ್ಟೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಮೂಲೆಗಳನ್ನು ಇನ್ನಷ್ಟು ಎತ್ತಿದೆ. ಕೋಣೆ ಎಷ್ಟು ಚೆಂದ ಬಂತೆಂದರೆ ಗೋಡೆಯ ಸುಣ್ಣದ ಪದರಗಳು ಕಂಡವು, ಚಾಪೆಯ ಕಡ್ಡಿಗಳು ಕಂಡವು, ಟ್ರಂಕಿನ ಮೇಲಿನ ಹೂವುಗಳು ಕಂಡವು. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಯ್ದು ಕೊಟ್ಟೆ.

ಚಾಚಿ ಅದನ್ನು ಬಾಗಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನನ್ನ ಮನಿ ಇಷ್ಟ ಚಂದ ಐತೇನ?" ಎಂದು ಕೇಳಿದರು. ಅವರಿಗೆ ಅಳುಕು ಹುಟ್ಟಿತ್ತು. ನನಗೆ ಹುಟ್ಟಲಿಲ್ಲ. "ಹೆಂಗ ಬಂದೈತಿ ನೋಡ್ರಿ!" ಎಂದು ನಾನೇ ನನ್ನ ಬೆನ್ನು ತಟ್ಟಿಕೊಂಡೆ. ತಿಳಿದವಳು ತೆಗೆದಿದ್ದಾಳೆ, ಸರಿಯೇ ಇರಬೇಕು ಎಂದು ಅವರು ಅದನ್ನು ಮಡಿಕೆ ಬೀಳದಂತೆ ಬಟ್ಟೆಯಲ್ಲಿ ಸುತ್ತಿಕೊಂಡು ಕಚೇರಿಗೆ ಬಂದರು. ನಾನೂ ಜೊತೆಗೆ ಹೋಗಿದ್ದೆ.

ಸಾಹೇಬರು ಫೋಟೋ ನೋಡಿ ಕನ್ನಡಕ ಮೇಲೆ ಮಾಡಿದರು. "ಇದರಾಗ ಚಾಪಿ ಕಡ್ಡಿ ಎಣಿಸಬಹುದಲ್ರೀ. ಇನ್ನ ಎಷ್ಟ ಬೆಳಕು ಬೇಕು ನಿಮಗ?" ಎಂದರು. ಅವರು ಅರ್ಜಿಯ ಮೇಲೆ, ಕೋಣೆಯಲ್ಲಿ ಸಾಕಷ್ಟು ಬೆಳಕು ಇರುವುದು ಫೋಟೋದಿಂದ ಕಂಡುಬರುತ್ತದೆ ಎಂದು ಬರೆದು ಸಹಿ ಹಾಕಿದರು. ಆ ಮನುಷ್ಯನದೇನೂ ತಪ್ಪಿಲ್ಲ. ಕಂಡಿದ್ದನ್ನು ಬರೆದರು. ಕಾಣಿಸಿದವಳು ನಾನು.

ಮುಂದಿನ ವಾರ ತಪ್ಪು ತಿದ್ದಲು ಹೋಗಿ ಇನ್ನಷ್ಟು ಕೆಡಿಸಿದೆ. ಹೊರಗೆ ಬಯಲಿನ ಬೆಳಕಿಗೆ ಕ್ಯಾಮೆರಾ ಹೊಂದಿಸಿ, ಅದನ್ನು ಬದಲಿಸದೆ ಒಳಗೆ ಬಂದು ಅದೇ ಅಳತೆಯಲ್ಲಿ ಕೋಣೆಯ ಫೋಟೋ ತೆಗೆದೆ. ಕಪ್ಪು ಹಾಳೆ ಬಂತು, ಮೂಲೆಯಲ್ಲಿ ಕಿಟಕಿಯ ಒಂದು ಬೂದು ಚೌಕ ಅಷ್ಟೇ. ಅದನ್ನು ಒಯ್ದು ಸಾಹೇಬರ ಮುಂದೆ ಇಟ್ಟೆ. ಅವರು ಸಿಟ್ಟು ಮಾಡಲಿಲ್ಲ, ನಕ್ಕರು.

"ಮ್ಯಾಡಂ, ಹೋದ ವಾರ ಹಗಲ ತಂದಿದ್ರಿ, ಈ ವಾರ ರಾತ್ರಿ ತಂದೀರಿ. ಎರಡರಾಗ ಖರೇ ಯಾವುದು?"

ಎರಡೂ ಖರೆಯೇ. ಆದರೆ ಅದನ್ನು ಹೇಳಿದರೆ ಯಾರು ಕೇಳುತ್ತಾರೆ? ಇಪ್ಪತ್ತು ವರ್ಷ ಬೆಳಕಿನ ಫೋಟೋ ತೆಗೆದವಳಿಗೆ ಒಂದು ಕೋಣೆ ಎಷ್ಟು ಕತ್ತಲಾಗಿದೆ ಎಂದು ತೋರಿಸಲು ಬರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಬೆಳಗಾವಿ ಬರುವ ತನಕ ಅತ್ತೆ. ಬಸ್ಸು ಹಿಡಿಯುವ ಮೊದಲು ಚಾಚಿ ಚಾ ಕೊಟ್ಟಿದ್ದರು, ಹೋಗುವಾಗ ಛತ್ರಿ ಮರೆಯಬೇಡ ಎಂದಿದ್ದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕೊನೆಗೆ ಮಹಾದೇವನನ್ನೇ ಕರೆದು ಕೋಣೆ ತೋರಿಸಬೇಕೆಂದುಕೊಂಡೆ. ಫೋಟೋ ಏನಾದರೂ ಹೇಳಲಿ, ಅವನ ಕಣ್ಣಿಗೆ ಕಾಣುತ್ತದಲ್ಲ. ಆಗಸ್ಟಿನ ಒಂದು ಭಾನುವಾರ ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು. ಅವನು ಬಯಲಿನ ಬಿಸಿಲಿನಿಂದ ನೇರ ಒಳಗೆ ಬಂದ. ಹೊಸ್ತಿಲು ದಾಟಿದವನೇ ಗೋಡೆ ಹಿಡಿದುಕೊಂಡು ನಿಂತ. "ಅಯ್ಯ, ಏನೂ ಕಾಣವಲ್ದಲಾ" ಎಂದ. ನನ್ನ ಎದೆ ಅರಳಿತು. ನೋಡಿದೆಯಾ ಎನ್ನುವವಳಿದ್ದೆ. ಅಷ್ಟರಲ್ಲಿ ಚಾಚಿ ಅವನನ್ನು ಕೂರಿಸಿ, ಚಾ ಕಾಸಲು ಒಲೆ ಹಚ್ಚಿದರು. ಬೇಡ ಎನ್ನಲು ಬರುತ್ತದೆಯೇ? ಮನೆಗೆ ಬಂದವನು. ಚಾ ಕುದಿದು, ಸೋಸಿ, ಕುಡಿದು ಮುಗಿಯುವಷ್ಟರಲ್ಲಿ ಹತ್ತು ಹದಿನೈದು ನಿಮಿಷವಾಯಿತು. ಮಹಾದೇವ ಚಾ ಕುಡಿದ ಬಸಿ ಕೆಳಗಿಟ್ಟು ಸುತ್ತ ನೋಡಿದ.

"ಈಗ ಎಲ್ಲಾ ಕಾಣಾಕತ್ತೈತಿ ನೋಡ್ರಿ. ಅಲ್ಲಿ ಕ್ಯಾಲೆಂಡರ್, ಇಲ್ಲಿ ತಂಬಿಗಿ, ಚಾಚಿ ಕನ್ನಡಕ ಆ ಮೊಳಿಗೆ ಐತಿ. ಮೊದಲ ಒಂದೀಟ ಕತ್ತಲ ಅನಸ್ತೈತಿ, ಆಮ್ಯಾಲ ರೂಢಿ ಆಗ್ತೈತಿ. ಚಾಚಿಗೂ ಆಗ್ತೈತಿ."

ಅವನು ಸುಳ್ಳು ಹೇಳಿರಲಿಲ್ಲ. ಕತ್ತಲೆಯಲ್ಲಿ ಕುಳಿತರೆ ಕಣ್ಣಿನ ಪಾಪೆ ಅಗಲವಾಗುತ್ತದೆ, ಕಣ್ಣೂ ತನ್ನ ಶಟರನ್ನು ತೆರೆದಿಡುತ್ತದೆ. ನನಗೂ ಅಷ್ಟೊತ್ತಿಗೆ ಎಲ್ಲವೂ ಕಾಣುತ್ತಿತ್ತು. ಕ್ಯಾಮೆರಾ ನಂಬಿ ಒಮ್ಮೆ ಸೋತವಳು, ಈಗ ಕಣ್ಣು ನಂಬಿ ಸೋತೆ. ಮಹಾದೇವ ಹೋದ ಮೇಲೆ ಚಾಚಿ ನನ್ನ ಕೈ ಹಿಡಿದು, "ಬಿಡ ಬೇಟಿ, ಖರೇನೂ ರೂಢಿ ಆದೀತೇನೋ ನೋಡತೀನಿ" ಎಂದರು. ಆ ಮಾತು ಕೇಳಿ ನನಗೆ ಇನ್ನಷ್ಟು ಭಯವಾಯಿತು.

ರೂಢಿ ಮಾಡಿಕೊಳ್ಳಲು ಅವರು ಕೈಗೆತ್ತಿಕೊಂಡಿದ್ದು ಮಹಾದೇವನ ತಾಯಿಯ ಸೀರೆಯನ್ನೇ. ಗೋಡೆಯ ಜಗಳ ಮಗನದು ಮತ್ತು ಕಚೇರಿಯದು ಎಂದುಕೊಂಡಿದ್ದ ಆಯಿ, ಅದು ನಡೆದಿರುವಾಗಲೇ ತನ್ನ ಕಡುಗೆಂಪು ಒಂಬತ್ತು ವಾರಿಯ, ಎಂದರೆ ಒಂಬತ್ತು ಗಜದ, ಸೀರೆಯನ್ನು ಚಾಚಿಯ ಹತ್ತಿರ ಕಳಿಸಿದ್ದಳು. ಇಲಿ ಕಡಿದಿತ್ತು. ಗಣಪತಿ ಚವತಿಗೆ ಉಡುವ ಸೀರೆ, ಅವಳ ಮದುವೆಯದು. ಆಯಿ, ಚಾಚಿ ಇಬ್ಬರೂ ಒಂದೇ ವರ್ಷ ಸೊಸೆಯಂದಿರಾಗಿ ಆ ಓಣಿಗೆ ಬಂದವರು.

ಚಾಚಿ ಆ ಕತ್ತಲೆ ಕೋಣೆಯಲ್ಲಿ ಆರು ದಿನ ಕುಳಿತು ರಫು ಮಾಡಿದರು. ಕೊಡುವ ದಿನ ನಾನೂ ಅಲ್ಲಿದ್ದೆ. ಆಯಿ ಕೋಲು ಊರಿಕೊಂಡು ತಾನೇ ಬಂದು, ಬಯಲಿನಲ್ಲಿ ಕಟ್ಟಡದ ಇಟ್ಟಿಗೆಗಳ ಮೇಲೆ ಕುಳಿತು ಸೀರೆ ಬಿಚ್ಚಿದಳು. ಕೆಂಪು ಸೀರೆಯ ನಡುವೆ ಅಂಗೈ ಅಗಲದ ಕಂದು ಕಲೆ, ಒಣಗಿದ ಗಾಯದ ಹಾಗೆ. ಎಳೆಗಳು ಒಂದೂ ತಪ್ಪಿರಲಿಲ್ಲ. ಬಣ್ಣ ತಪ್ಪಿತ್ತು. ಚಾಚಿ ಕೆಂಪು ಎಂದುಕೊಂಡು ಕಂದು ದಾರದಲ್ಲಿ ಅಷ್ಟನ್ನೂ ನೇಯ್ದಿದ್ದರು.

ಆಯಿಯ ಜೊತೆ ಬಂದಿದ್ದ ಮಹಾದೇವ ಮೊದಲು ಬಾಯಿ ಬಿಟ್ಟ.

"ಚಾಚಿ, ಬೇಕಂತ ಮಾಡೀರಿ. ಗೋಡಿ ಸಿಟ್ಟ ಆಯಿ ಸೀರಿ ಮ್ಯಾಲ ತೀರಿಸಿಕೊಂಡ್ರಿ."

ಚಾಚಿ ಅವನ ಮುಖ ನೋಡಲಿಲ್ಲ. ಬಾಗಿ ಸೀರೆಯನ್ನು ಕೈಗೆತ್ತಿಕೊಂಡು, ಬಿಸಿಲಿಗೆ ಹಿಡಿದು, ಬೆರಳಿನಿಂದ ಆ ಕಲೆಯನ್ನು ಸವರಿದರು. "ನಲವತ್ತ ವರ್ಸದಾಗ ಒಮ್ಮೆನೂ ಹಿಂಗ ಆಗಿಲ್ಲ" ಎಂದಷ್ಟೇ ಹೇಳಿ, ಹೊಸ್ತಿಲ ಮೇಲೆ ಕುಳಿತು ತಾವು ನೇಯ್ದಿದ್ದನ್ನು ಸೂಜಿಯ ಮೊನೆಯಿಂದ ಒಂದೊಂದೇ ಎಳೆಯಾಗಿ ಬಿಚ್ಚತೊಡಗಿದರು. ಆರು ದಿನದ ಕೆಲಸ. ನನಗೆ ನೋಡಲಾಗಲಿಲ್ಲ.

ಆಯಿ ಮಗನ ಕಡೆ ತಿರುಗಿದಳು. "ಬಾಯಿ ಮುಚ್ಚು. ನೀ ಸಣ್ಣಂವ ಇದ್ದಾಗ ನಿನ್ನ ಸಾಲಿ ಚಡ್ಡಿ ಎಷ್ಟ ಸಲ ರಫು ಮಾಡ್ಯಾಳ ಈಕಿ, ಗೊತ್ತೈತಿ? ಮೆಹರೂ ಬೇಕಂತ ಕೆಡಸಾಕಿ ಅಲ್ಲ. ಈಕಿಗೆ ಕಂಡಿಲ್ಲ, ಅಷ್ಟ."

ಕಂಡಿಲ್ಲ ಎಂಬ ಆ ಮಾತಿಗೆ ನನ್ನ ತಲೆಯಲ್ಲಿ ಎಲ್ಲವೂ ತಟ್ಟನೆ ಕೂಡಿ ಬಂತು. ಮಬ್ಬಿನಲ್ಲಿ ಕಣ್ಣು ರೂಢಿಯಾಗುತ್ತದೆ, ನಿಜ. ಆದರೆ ರೂಢಿಯಾಗುವುದು ಆಕಾರಕ್ಕೆ. ತಂಬಿಗೆ, ಕ್ಯಾಲೆಂಡರ್, ಕನ್ನಡಕ ಎಲ್ಲ ತಿರುಗಿ ಬರುತ್ತವೆ. ಬಣ್ಣ ಬರುವುದಿಲ್ಲ. ಅದರಲ್ಲೂ ಮೊದಲು ಹೋಗುವುದು ಕೆಂಪು. ಇದನ್ನು ನಾನು ಸಾವಿರ ಸಲ ಸಂಜೆಯ ಹೊತ್ತು ಕಂಡಿದ್ದೆ, ಹೇಳಬೇಕಾದ ಹೊತ್ತಿಗೆ ಮಾತ್ರ ಹೊಳೆದಿರಲಿಲ್ಲ. ಒಳಗೆ ಓಡಿ ಹೋಗಿ ಟ್ರಂಕಿನಿಂದ ಕೆಂಪು, ಕಂದು, ಕಪ್ಪು ಬಣ್ಣದ ಐದಾರು ರೀಲು ತಂದು ಕೋಣೆಯ ನಡುವೆ ಚಾಪೆಯ ಮೇಲೆ ಚೆಲ್ಲಿದೆ.

"ಮಹಾದೇವಪ್ಪ, ಒಳಗ ಬಂದು ಕುಂದರ್ರಿ. ಎಷ್ಟ ಹೊತ್ತ ಬೇಕಾದ್ರೂ ಕುಂದರ್ರಿ. ಕಣ್ಣ ಪೂರಾ ರೂಢಿ ಆದಮ್ಯಾಲ ಇದರಾಗ ನಿಮ್ಮ ಆಯಿ ಸೀರಿ ಬಣ್ಣದ್ದ ಒಂದ ತೆಗದ ಕೊಡ್ರಿ."

ಅವನು ಸಿಟ್ಟಿನಲ್ಲೇ ಬಂದು ಕುಳಿತ. ಕಾಲು ಗಂಟೆ ಬಿಟ್ಟು ಒಂದು ರೀಲು ಎತ್ತಿಕೊಂಡು, "ಇದ" ಎಂದು ಹೊರಗೆ ಬಂದ. ಬಿಸಿಲಿಗೆ ಅಂಗೈ ತೆರೆದು ನೋಡಿದ. ಕಪ್ಪು ದಾರ. ಮತ್ತೆ ಒಳಗೆ ಹೋಗಿ ಇನ್ನೊಂದು ತಂದ. ಅದು ಕಂದು. ಮೂರನೆಯ ಸಲ ಹೋಗಲಿಲ್ಲ. ಹೊಸ್ತಿಲ ಮೇಲೆ ಎಳೆ ಬಿಚ್ಚುತ್ತಿದ್ದ ಚಾಚಿಯ ಎದುರು ಕುಕ್ಕುರುಗಾಲಲ್ಲಿ ಕುಳಿತ. "ತಪ್ಪ ಮಾತಾಡಿದ್ನಿ ಚಾಚಿ. ಮನಸಿಗೆ ಹಚಗೋಬ್ಯಾಡ್ರಿ" ಎಂದ. ಚಾಚಿ ತಲೆ ಎತ್ತದೆ, "ಆತು ಬಿಡಪ್ಪ" ಎಂದರು.

ಆದರೆ ಕೋಣೆ ಬೇಕೇ ಬೇಕಲ್ಲ. ಆಯಿಯ ಮೊಣಕಾಲೂ ಖರೆ. ಮಹಾದೇವ ಕೈಯಲ್ಲಿ ಆ ಕಂದು ರೀಲು ತಿರುಗಿಸುತ್ತ, "ಈಗ ಏನ ಮಾಡೂಣ್ರಿ? ಗ್ವಾಡಿ ಇಲ್ಲದ ಖೋಲಿ ಕಟ್ಟಾಕ ಬರೂದಿಲ್ಲ" ಎಂದು ನನ್ನನ್ನೇ ಕೇಳಿದ. ಆ ಮಳೆಗಾಲದಲ್ಲಿ ಮೊದಲ ಬಾರಿಗೆ ಯಾರೋ ನನಗೆ ಉತ್ತರ ಗೊತ್ತಿರುವ ಪ್ರಶ್ನೆ ಕೇಳಿದ್ದರು.

ಬೆಳಕು ಆಕಾಶದಿಂದ ನೇರವಾಗಿಯೇ ಬರಬೇಕೆಂದಿಲ್ಲ. ಮುಖಕ್ಕೆ ಬೆಳಕು ಸಾಲದಿದ್ದರೆ ನಾವು ಎದುರಿಗೆ ಬಿಳಿ ಹಾಳೆ ಹಿಡಿಯುತ್ತೇವೆ, ಅದಕ್ಕೆ ಬಿದ್ದ ಬೆಳಕು ತಿರುಗಿ ಮುಖಕ್ಕೆ ಬರುತ್ತದೆ. ಗೋಡೆಯನ್ನು ಎರಡು ಅಡಿ ಹಿಂದೆ ಸರಿಸಿ ಅದಕ್ಕೆ ಅಚ್ಚ ಬಿಳಿ ಸುಣ್ಣ ಹೊಡೆದರೆ ಆ ಗೋಡೆಯೇ ಚಾಚಿಗೆ ಬೆಳಕು ಕೊಡುತ್ತದೆ. ಇದನ್ನು ನಾನು ಕೈ ತಿರುಗಿಸಿ ತಿರುಗಿಸಿ ಹೇಳಿದೆ. ಮಹಾದೇವನಿಗೆ ನಂಬಿಕೆ ಬರಲಿಲ್ಲ. ನನ್ನ ಫೋಟೋಗಳ ಕಥೆ ಗೊತ್ತಿದ್ದವನು, ಅವನದೂ ತಪ್ಪಲ್ಲ. "ಎರಡ ಫೂಟ ಹೋದ್ರ ಆಯಿ ಖೋಲಿ ಏನ ಉಳೀತೈತ್ರಿ? ಕೈ ಚಾಚಿದ್ರ ಎರಡೂ ಗ್ವಾಡಿ ಹತ್ತತಾವು" ಎಂದ.

ಇಟ್ಟಿಗೆಯ ಮೇಲೆ ಕುಳಿತಿದ್ದ ಆಯಿ ಕೋಲಿನಿಂದ ನೆಲ ಕುಟ್ಟಿದಳು. "ಖೋಲಿ ಯಾರದು? ನಂದು. ಒಂದ ಖಾಟ, ಬಾಜೂಕ ನೀರಿನ ತಂಬಿಗಿ ಇಟ್ರ ಆತು. ನಾ ಏನ ಅಲ್ಲಿ ಕುಣ್ಯಾಕ ಹೊಂಟೇನಿ? ಮೊದಲ ಈ ಫೋಟೋದಾಕಿ ಹೇಳಿದ್ದ ಮಾಡಿ ನೋಡು."

ನೋಡಲು ಗೋಡೆ ಕಟ್ಟಬೇಕಿರಲಿಲ್ಲ. ಮಹಾದೇವ ಗೋಡೆ ಕಟ್ಟುವ ಗೌಂಡಿಯನ್ನು ಕರೆದ. ಇಬ್ಬರೂ ಸೇರಿ ಬಿದಿರು ಕಿತ್ತು ತಗಡನ್ನು ಎರಡು ಅಡಿ ಹಿಂದಕ್ಕೆ ನೆಟ್ಟರು. ಆಯಿ ಒಳಗಿನಿಂದ ತನ್ನ ಗಂಡನ ಹಳೆಯ ಬಿಳಿ ಧೋತರಗಳನ್ನು ತರಿಸಿದಳು, ಮೂರು. ಎಮ್ಮೆ ಮೇಯಿಸಿ ಬಂದು ಸಂಜೆ ಉಡುತ್ತಿದ್ದನಂತೆ, ಒಗೆದು ಮಡಿಸಿಟ್ಟಿದ್ದಳು. ಅವನ್ನು ತಗಡಿನ ಮೇಲಿಂದ ಕೆಳಗಿನ ತನಕ ಇಳಿಬಿಟ್ಟು ಸುಕ್ಕಿಲ್ಲದಂತೆ ಕಟ್ಟಿದೆವು. ಮೋಡ ಮತ್ತೆ ಮುಚ್ಚಿಕೊಂಡಿತ್ತು, ಬಿಸಿಲಿಲ್ಲ. ನನಗೆ ಅದೇ ಬೇಕಿತ್ತು, ಅದೇ ಭಯವೂ ಇತ್ತು. ಬಿಸಿಲಿದ್ದರೆ ಯಾವ ಗೋಡೆಯೂ ಬೆಳಕು ಕೊಡುತ್ತದೆ. ಚಾಚಿಗೆ ಬೇಕಾದದ್ದು ಮಳೆಗಾಲದ ಮೋಡ ಮುಚ್ಚಿದ ಮಧ್ಯಾಹ್ನಕ್ಕೆ ಸಾಲುವ ಬೆಳಕು.

ಸೀರೆಯ ಒಂದು ತುದಿಯನ್ನು ಕಿಟಕಿಯಿಂದ ಒಳಗೆ ಇಳಿಬಿಟ್ಟು, ಉಳಿದದ್ದನ್ನು ಆಯಿ ಹೊರಗೆ ಮಡಿಲಲ್ಲಿ ಇಟ್ಟುಕೊಂಡಳು. ಚಾಚಿ ಅದರ ಬಣ್ಣದ ದಾರ ಹುಡುಕಲು ಒಳಗೆ ಹೋಗಿ ತಮ್ಮ ಜಾಗದಲ್ಲಿ ಕುಳಿತರು. ಟ್ರಂಕು ತೆರೆದ ಸದ್ದು ಕೇಳಿತು. ಮಹಾದೇವ ಕಿಟಕಿಯ ಕಡೆ ನೋಡುತ್ತಿದ್ದ, ಗೌಂಡಿ ಬೀಡಿ ಹಚ್ಚದೆ ಕೈಯಲ್ಲೇ ಹಿಡಿದಿದ್ದ. ನಾನು ಕ್ಯಾಮೆರಾ ಚೀಲದಿಂದ ತೆಗೆದಿರಲಿಲ್ಲ. ತೆಗೆಯುವ ಧೈರ್ಯವೂ ಇರಲಿಲ್ಲ. ಇದೂ ಕೆಟ್ಟರೆ ಈ ಹೆಂಗಸಿನ ಮುಂದೆ ಮತ್ತೆ ಮುಖ ಎತ್ತಿ ನಿಲ್ಲುವುದು ನನ್ನಿಂದಾಗದು ಎಂದು ಗೊತ್ತಿತ್ತು.

ಕಿಟಕಿಯ ಸರಳುಗಳ ನಡುವಿನಿಂದ ಚಾಚಿಯ ಕೈ ಹೊರಗೆ ಬಂತು. ಕೈಯಲ್ಲಿ ಒಂದೇ ರೀಲು. ಮಹಾದೇವ ಅದನ್ನು ತೆಗೆದುಕೊಂಡು ಬಯಲಿನ ನಡುವೆ ಬಂದು, ಮೊಳದುದ್ದ ದಾರ ಬಿಚ್ಚಿ ಆಯಿಯ ಮಡಿಲಿನ ಸೀರೆಯ ಮೇಲೆ ಇಟ್ಟ. ನಾವೆಲ್ಲ ಬಗ್ಗಿ ನೋಡಿದೆವು. ದಾರ ಎಲ್ಲಿದೆ ಎಂದು ಕಾಣಲಿಲ್ಲ. ಅವನು ಅದನ್ನು ಎತ್ತಿ ಇನ್ನೊಂದು ಕಡೆ ಇಟ್ಟ, ಬೆರಳಿನಿಂದ ತಡವಿದ. ಬೆರಳಿಗೆ ಹತ್ತಿತು, ಕಣ್ಣಿಗೆ ಹತ್ತಲಿಲ್ಲ. ಆಯಿ ಸಣ್ಣಗೆ ನಗತೊಡಗಿದಳು.

ಮಹಾದೇವ ನೆಟ್ಟಗೆ ನಿಂತು ಗೌಂಡಿಗೆ ಹೇಳಿದ: "ಪಾಯಾ ಮುಚ್ಚು. ಎರಡ ಫೂಟ ಹಿಂದ ತೋಡು."

ನಾನು ಇಟ್ಟಿಗೆಗಳ ಮೇಲೆ ಕುಳಿತುಬಿಟ್ಟೆ. ಎರಡು ತಿಂಗಳಿನಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದು ಹೋಯಿತು, ಅಳುವೂ ನಗುವೂ ಒಟ್ಟಿಗೆ ಬಂದವು. ಆಯಿ ನನ್ನ ಬೆನ್ನ ಮೇಲೆ ಕೈಯಿಟ್ಟು, "ಅಳಬ್ಯಾಡ, ಸುಣ್ಣ ನಾನ ಬಿಡದ ಹೊಡಸ್ತೀನಿ, ವರ್ಸಾ ವರ್ಸಾ" ಎಂದಳು.

ಒಳಗಿದ್ದ ಚಾಚಿಗೆ ಹೊರಗೆ ಏನಾಯಿತೆಂದು ಯಾರೂ ಹೇಳಿರಲಿಲ್ಲ. ಕಿಟಕಿಗೆ ಮುಖ ತಂದು ಕೇಳಿದರು:

"ಯಾಕ ಸುಮ್ಮನ ಆದ್ರಿ? ಬಣ್ಣ ಸರಿ ಐತೋ ಇಲ್ಲೋ ಹೇಳ್ರಲಾ."

"ಸರಿ ಐತ್ರಿ ಚಾಚಿ" ಎಂದೆ.

"ಹಂಗಾರ ಸೀರಿ ಒಳಗ ಕೊಡ್ರಿ. ಚವತಿಗೆ ಎಂಟ ದಿನ ಉಳದಾವು."